ತೇವ ನೋಡಲು ಬಂದವರು

ಕೊಳ್ಳಲು ಯಾವ ಮನೆ ತೋರಿಸಿದರೂ ಬಾಯಿಂದ ‘ಚೆನ್ನಾಗಿದೆ’ ಅಂತಲೇ ಬಂದುಬಿಡುತ್ತದಲ್ಲ, ಇದಕ್ಕೇನು ಮಾಡುವುದು ಎಂಬುದು ಚಿನ್ನಿ ತನ್ನೊಳಗೇ ಇಟ್ಟುಕೊಂಡಿದ್ದ ಚಿಂತೆ. ಮೊದಲ ಮನೆಯ ಅಡುಗೆಮನೆಗೆ ಹಗಲಲ್ಲೇ ದೀಪ ಬೇಕಿತ್ತು; ಚೆನ್ನಾಗಿದೆ ಅಂದಳು. ಆಮೇಲಿನದರಲ್ಲಿ ಕಿಟಕಿ ತೆರೆದರೆ ಪಕ್ಕದವರ ಬಚ್ಚಲ ಗೋಡೆ ಮೂಗಿಗೆ ತಾಗುವಂತಿತ್ತು. ಅದಕ್ಕೂ ಹಾಗೇ ಅಂದಳು. ಎದುರಿಗೆ ನಿಂತವರ ಮುಖ ಸಪ್ಪಗಾಗುವುದನ್ನು ನೋಡಲಾರದ ಹುಡುಗಿ ಅವಳು. ಈ ಗುಟ್ಟನ್ನು ಮೊದಲು ಕಂಡುಕೊಂಡವನು ಬ್ರೋಕರ್. ಅಲ್ಲಿಂದ ಮುಂದೆ ಅಮ್ಮನಿಗೆ ಫೋನ್ ಮಾಡುವುದನ್ನು ಬಿಟ್ಟು ಚಿನ್ನಿಯ ಬೆನ್ನಿಗೆ ಬಿದ್ದ. ಪದವಿ ಮುಗಿಸಿ ಮನೆಯಲ್ಲಿದ್ದ ಅವಳು ಹಲ್ಲುಜ್ಜುವಾಗಲೂ, ತಟ್ಟೆಯ ಮುಂದೆ ಕೂತಾಗಲೂ ಅವನ ಅರಳು ಹುರಿದಂಥ ಮಾತಿಗೆ ಹೂಂಗುಟ್ಟುತ್ತಿದ್ದಳು.

“ಮೇಡಂ, ಸಾಯಂಕಾಲ ಇನ್ನೊಂದು ಪಾರ್ಟಿ ಬರ್ತಾ ಇದೆ. ಅವರು ನೋಡಿದ್ರೆ ಮುಗೀತು, ಮನೆ ನಿಮ್ಮ ಕೈತಪ್ಪಿ ಹೋಯ್ತು ಅಂತಲೇ ಲೆಕ್ಕ. ಅಮ್ಮನ್ನ ಕರ್ಕೊಂಡು ಈಗಲೇ ಹೊರಡಿ.”

ಹಾಗೆ ಹೊರಟು ಬಂದದ್ದು ಈ ಮನೆಗೆ. ಗೇಟಿನ ಹೊರಗೆ ನಿಂತು ಬ್ರೋಕರ್ ದನಿ ತಗ್ಗಿಸಿದ.

“ಒಂದು ಸಣ್ಣ ವಿಷಯ. ಒಳಗೆ ಬಾಡಿಗೆಯವರಿದಾರೆ. ಮನೆ ಮಾರೋ ವಿಚಾರ ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಬಾಗಿಲು ತೆಗೆಯೋ ಜನಾನಾ ಹೇಳಿ? ಗೋಡೆ ತೇವ ನೋಡೋಕೆ ಓನರ್ ಕಳಿಸಿದಾರೆ ಅಂದಿದೀನಿ. ಮೇಡಂ ಎಂಜಿನಿಯರು. ಅಮ್ಮಾ, ನೀವು ಅವರ ಆಫೀಸಿನವರು.”

“ನಾನು ಓದಿದ್ದು ಇತಿಹಾಸ” ಎಂದಳು ಚಿನ್ನಿ.

“ಗೋಡೇನೂ ಹಳೇದೇ ಮೇಡಂ, ಸರಿಹೋಗುತ್ತೆ.”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದೇ ಒಪ್ಪಿಗೆಯಾಗಿಹೋಯಿತು. ನಾನು ಒಳಗೆ ಬರುವುದಿಲ್ಲ ಎನ್ನಲು ಚಿನ್ನಿಗೆ ಗೇಟಿನಿಂದ ಬಾಗಿಲವರೆಗೆ ಸಮಯವಿತ್ತು. ಅಷ್ಟು ದೂರವನ್ನೂ ಅವಳು ಚಪ್ಪಲಿ ನೋಡಿಕೊಂಡೇ ಕಳೆದಳು.

ಬಾಗಿಲು ತೆಗೆದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿಯ ಕೆಳಗೆ ಹೊಲಿಗೆ ಮೆಷಿನ್, ನೆಲದ ತುಂಬ ಕತ್ತರಿಸಿಟ್ಟ ನೀಲಿ ಬಟ್ಟೆ, ಮೂಲೆಯಲ್ಲಿ ಗುಂಡಿ ಹಚ್ಚಬೇಕಾದ ಶಾಲೆಯ ಅಂಗಿಗಳ ರಾಶಿ.

“ಬನ್ನಿ ಮೇಡಂ, ಬನ್ನಿ. ಓನರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದುಹೋಗಿತ್ತು. ಅಂತೂ ಕಣ್ಣು ಬಿಟ್ರಲ್ಲ” ಎನ್ನುತ್ತ ಅವಳು ಬಟ್ಟೆ ಸರಿಸಿ ದಾರಿ ಮಾಡಿದಳು. ಇದ್ದೊಂದು ಕುರ್ಚಿಯನ್ನು ಅಂಗೈಯಿಂದ ಒರೆಸಿ ಚಿನ್ನಿಯ ಕಡೆಗೆ ತಳ್ಳಿದಳು. ಚಿನ್ನಿಗೆ ಕೂರಲು ಮನಸ್ಸಾಗಲಿಲ್ಲ.

ಟೈಲರ್ ಹೆಂಗಸು ಅವಳ ಕೈಹಿಡಿದು ಗೋಡೆಗೆ ಮುಟ್ಟಿಸಿದಳು. “ನೋಡಿ, ಬೆರಳಿಗೆ ಸುಣ್ಣ ಬರುತ್ತೆ. ಮಳೆ ಹಿಡಿದ್ರೆ ಈ ಮೂಲೆ ಜ್ವರ ಬಂದವರ ಹಾಗೆ ಬೆವರುತ್ತೆ. ಬಚ್ಚಲ ನೀರು ಹೋಗೋದು ನಿಧಾನ. ಹಿಂಬಾಗಿಲಿನ ಚಿಲಕ ಇದ್ದೂ ಇಲ್ಲದ ಹಾಗೆ.”

ಬ್ರೋಕರನ ಮುಖ ಹರಳೆಣ್ಣೆ ಕುಡಿದಂತಾಯಿತು. “ಅಷ್ಟೇನಿಲ್ಲ ಬಿಡಿ ಅಕ್ಕಾ. ಒಂದು ಕೋಟು ಬಣ್ಣ ಹೊಡೆದ್ರೆ ಎಲ್ಲ ಹೋಗುತ್ತೆ.”

“ನೀವು ಸುಮ್ನಿರಿ. ಎಂಜಿನಿಯರ್ ಬಂದಿರೋದು ಮತ್ತೆ ಯಾಕೆ?”

ಎಂಜಿನಿಯರ್ ತಲೆಯಾಡಿಸಿದಳು. ಯಾವುದಕ್ಕೆ ಆಡಿಸಿದಳೆಂದು ಅವಳಿಗೇ ತಿಳಿಯಲಿಲ್ಲ.

ಬ್ರೋಕರ್ ಸುಮ್ಮನಿರುವ ಆಸಾಮಿಯಲ್ಲ. ತೇವದ ನೆಪ ಹೇಳಿಕೊಂಡು ಬೀರು ತೆರೆದ, ಮಂಚ ಎಳೆದು ಹಿಂದಿನ ಗೋಡೆ ತೋರಿಸಿದ, ಬಚ್ಚಲ ಬಾಗಿಲನ್ನೂ ನೂಕಿದ. ಒಳಗೆ ಹಗ್ಗದ ಮೇಲೆ ಮನೆಯವರ ಒಳಬಟ್ಟೆಗಳು ಒಣಗುತ್ತಿದ್ದವು. ಟೈಲರ್ ಹೆಂಗಸು ಓಡಿಹೋಗಿ ಎಲ್ಲವನ್ನೂ ಎದೆಗವಚಿಕೊಂಡಳು. “ಮೊದಲೇ ಹೇಳಿದ್ರೆ ತೆಗೆದಿಡ್ತಿದ್ದೆ” ಎಂದು ತಪ್ಪು ತನ್ನದೇ ಎನ್ನುವಂತೆ ನಕ್ಕಳು. ಚಿನ್ನಿ ನಾಚಿ ಅಡುಗೆಮನೆಯ ಕಡೆ ತಿರುಗಿದಳು.

ಅತ್ತ ಅಮ್ಮ ಅಡುಗೆಮನೆಯ ಕಟ್ಟೆಯನ್ನು ಗೇಣಿನಲ್ಲಿ ಅಳೆಯುತ್ತಿದ್ದಳು. ಚಿನ್ನಿ ಹತ್ತಿರ ಬಂದಾಗ ಪಿಸುಗುಟ್ಟಿದಳು. “ನಮ್ಮ ಫ್ರಿಜ್ ಈ ಮೂಲೇಲಿ ಸರಿಯಾಗಿ ಕೂರುತ್ತೆ ಕಣೇ. ಹಿಂದಿನ ಕೋಣೆ ನೋಡಿದ್ಯಾ? ಅದು ನಿನಗೆ.”

ನೋಡಿದ್ದಳು. ಹೆಚ್ಚು ನಾಚಿಕೆಯಾಗಿದ್ದು ಅಲ್ಲೇ. ಅಪ್ಪ ಹೋದಮೇಲೆ ಅಮ್ಮ ಮಗಳು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ, ಪರದೆಯ ಆಚೆ ಈಚೆ ಮಲಗುವವರು. ಹಿಂದಿನ ಕೋಣೆಯ ಕಿಟಕಿಯಿಂದ ಬೆಳಕು ಬಿದ್ದ ಕಡೆ ಚಿನ್ನಿ ಮನಸ್ಸಿನಲ್ಲೇ ತನ್ನ ಮೇಜು ಹಾಕಿ, ಪುಸ್ತಕ ಜೋಡಿಸಿ, ಬಾಗಿಲನ್ನೂ ಹಾಕಿಕೊಂಡಾಗಿತ್ತು. ಅಲ್ಲಿ ಯಾವುದೋ ಹುಡುಗಿಯ ಹಾಸಿಗೆ ಇತ್ತು, ಗೋಡೆಯ ಮೇಲೆ ಅವಳು ಬಿಡಿಸಿದ ಬೆಕ್ಕಿನ ಚಿತ್ರವಿತ್ತು. ಅವನ್ನೆಲ್ಲ ಎಲ್ಲಿಗೆ ಕಳಿಸಿದೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಹೊರಡುವ ಹೊತ್ತಿಗೆ ಟೈಲರ್ ಹೆಂಗಸು ಮುಂದಿನ ಕೋಣೆಯಲ್ಲಿ ತಡೆದು ನಿಲ್ಲಿಸಿದಳು.

“ಮೇಡಂ, ಒಂದು ಮಾತು. ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿ ನನ್ನ ಸೊಂಟ ಬಿದ್ದುಹೋಗಿದೆ. ಈ ಗೋಡೆಗೇ ಸೇರಿಸಿ ಉದ್ದಕ್ಕೆ ಒಂದು ಮೇಜು ಮಾಡಿಸೋಣ ಅಂತ. ಬಡಗಿ ನಾಳೆ ಮರ ಕತ್ತರಿಸ್ತಾನೆ. ಮೇಜು ಆಗುತ್ತೆ ಅನ್ನೋ ಧೈರ್ಯದ ಮೇಲೆ ಇನ್ನೊಂದು ಶಾಲೆಯ ಕೆಲಸಾನೂ ಒಪ್ಕೋತಾ ಇದೀನಿ. ಮಾಡಿಸ್ಲಾ?”

“ಧಾರಾಳವಾಗಿ ಮಾಡಿಸಿ ಅಕ್ಕಾ” ಎಂದ ಬ್ರೋಕರ್. “ಬಂಡೆ ಇದ್ದ ಹಾಗಿದೆ ಗೋಡೆ. ಅಲ್ವಾ ಮೇಡಂ?”

“ಮೇಡಮ್ಮೇ ಹೇಳ್ಲಿ.”

ಅಮ್ಮ ಹಿಂದಿನಿಂದ ಅವಳ ಮೊಣಕೈ ಚಿವುಟಿದಳು. “ಹೂಂ ಅನ್ನು ಸಾಕು, ಹೋಗೋಣ” ಎಂಬ ಪಿಸುಮಾತು ಕಿವಿಗೆ ಬಿತ್ತು. ಹೂಂ ಎಂದರೆ ಮನೆ ತಮ್ಮದಾಗಬಹುದು. ಇಲ್ಲವಾದರೆ ಬ್ರೋಕರ್ ಇನ್ನು ಫೋನ್ ಮಾಡುವುದಿಲ್ಲ, ಅಮ್ಮನ ಫ್ರಿಜ್ ಈ ಮೂಲೆಗೆ ಬರುವುದಿಲ್ಲ. ಬಾಡಿಗೆಗೆ ಹೋದ ಮನೆಯಲ್ಲೆಲ್ಲ ಒಂದು ಮೊಳೆ ಹೊಡೆಯುವ ಮುಂಚೆ ಓನರ್ ಮುಖ ನೋಡುತ್ತ ಬಂದವಳು ಅಮ್ಮ. ಈಗ ಇಲ್ಲೊಬ್ಬಳು ಹಾಗೇ ತಲೆಯೆತ್ತಿ ಚಿನ್ನಿಯ ಮುಖ ನೋಡುತ್ತಿದ್ದಳು. ಬಚ್ಚಲಿನಿಂದ ತಂದ ಒದ್ದೆ ಬಟ್ಟೆಗಳ ಗಂಟು ಇನ್ನೂ ಅವಳ ಕಂಕುಳಲ್ಲೇ ಇತ್ತು.

“ಮೇಡಂ ಮಾತು ಕಮ್ಮಿ” ಎಂದು ಬ್ರೋಕರ್ ನಗುತ್ತ ಬಾಗಿಲಿಗೆ ಕೈಹಾಕಿದ. “ಹೂಂ ಅಂದ ಹಾಗೇ ಅಂದ್ಕೊಳ್ಳಿ ಅಕ್ಕಾ.”

ಚಿನ್ನಿ ಅಮ್ಮನ ಹಿಡಿತದಿಂದ ಮೊಣಕೈ ಬಿಡಿಸಿಕೊಂಡಳು.

“ಮಾಡಿಸಬೇಡಿ ಅಕ್ಕಾ. ಈ ಮನೇನ ಮಾರ್ತಾ ಇದಾರೆ. ಕೊಂಡ್ಕೊಳ್ಳೋಕೆ ಅಂತ ನೋಡೋಕೆ ಬಂದಿರೋದು ನಾವೇ.”