ಆಗಸ್ಟಿನ ಪರೀಕ್ಷೆ

ಟೆನ್ಸಾ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಗಲ್ಫ್ ಪೈನ್ ಕಾನ್ಫರೆನ್ಸ್ ಎಂಬ ಕಾಲೇಜು ಕೂಟದ ಫೈನಲ್‌ಗೆ ಈ ಮೊದಲು ನಾಲ್ಕು ಸಲ ಬಂದಿತ್ತು, ನಾಲ್ಕು ಸಲವೂ ಸೋತಿತ್ತು. ಹತ್ತು ಕಾಲೇಜುಗಳನ್ನು ಪೂರ್ವ, ಪಶ್ಚಿಮ ಎಂದು ಎರಡು ಪಾಲು ಮಾಡಿ, ಎರಡೂ ಕಡೆ ಗೆದ್ದವರನ್ನು ಡಿಸೆಂಬರಿನ ಮೊದಲ ಶನಿವಾರ ಬರ್ಮಿಂಗ್‌ಹ್ಯಾಮಿನಲ್ಲಿ ಎದುರುಬದುರು ಬಿಡುವ ಪದ್ಧತಿ ತೊಂಬತ್ತನಾಲ್ಕರಲ್ಲಿ ಶುರುವಾದದ್ದು. ಊರಿನ ಕ್ಷೌರದಂಗಡಿಯಲ್ಲಿ ಪ್ರತಿ ಸೋಲಿಗೂ ಒಂದು ಕಾರಣ ಸಿದ್ಧವಾಗಿತ್ತು. ಮೊದಲನೆಯದಕ್ಕೆ ಮಳೆ, ಮೂರನೆಯದಕ್ಕೆ ರೆಫರಿ, ನಾಲ್ಕನೆಯದಕ್ಕೆ ಕೋಚ್‌ನ ಎರಡನೇ ಹೆಂಡತಿ. ತೊಂಬತ್ತೆಂಟರ ಎರಡನೇ ಸೋಲಿಗೆ ಮಾತ್ರ ಊರಿಗೆ ಊರೇ ಒಬ್ಬನತ್ತ ಬೆರಳು ತೋರಿಸುತ್ತಿತ್ತು: ಹಾಲಿಸ್ ಪ್ರೂಯಿಟ್.

ಕೊನೆಯ ನಿಮಿಷದಲ್ಲಿ ಚೆಂಡು ಹಿಡಿದು ಓಡುತ್ತಿದ್ದವನನ್ನು ಹಾಲಿಸ್ ಕೆಡವಬೇಕಿತ್ತು. ಗಾಳಿಯನ್ನು ತಬ್ಬಿಕೊಂಡು ಬಿದ್ದ. ಅದಕ್ಕೂ ಸ್ವಲ್ಪ ಮೊದಲು ತಲೆಗೆ ಬಿದ್ದ ಏಟಿನಿಂದ ಅವನಿಗೆ ಒಬ್ಬನೇ ಇಬ್ಬರಾಗಿ ಕಾಣುತ್ತಿದ್ದ. ಅವನು ಹಿಡಿಯಲು ಹೋದದ್ದು ಇಲ್ಲದವನನ್ನು. ಇದನ್ನು ಅವನು ಹೇಳಿದ್ದು ಒಬ್ಬಳಿಗೇ, ಡಾರ್ಲಾಳಿಗೆ. ಮುಂದೆ ಅವಳನ್ನೇ ಮದುವೆಯಾದ.

ಈಗ ಐದನೇ ಫೈನಲ್. ಅದೇ ಹಾಲಿಸ್ ಅದೇ ಮೈದಾನದ ಮೆಟ್ಟಿಲ ಮೇಲೆ ಹೆಂಡತಿಯ ಪಕ್ಕ ಕೂತು ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದ. ಕೆಳಗೆ ಮೆರಿವೆದರ್ ಕಾಲೇಜಿನ ಎದುರು ಆಡುತ್ತಿದ್ದ ಟೆನ್ಸಾ ತಂಡದಲ್ಲಿ ಅವನ ಮಗ ವೇಡ್ ಇದ್ದ. ಅಪ್ಪ ಆಡಿದ ಜಾಗದಲ್ಲೇ ಮಗನೂ ಆಡುತ್ತಿದ್ದ.

“ಹಾಲಿಸ್,” ಹಿಂದಿನ ಸಾಲಿನಿಂದ ಮೇವಿನಂಗಡಿಯ ಲರ್ಲೀನ್ ಕೂಗಿದಳು, “ನಿನ್ ಮಗ ಕೈಗೆ ಬೆಣ್ಣೆ ಹಚ್ಕೊಂಡ್ ಬಂದಿಲ್ಲ ತಾನೆ? ನಿಮ್ಮನೇಲಿ ಅದೊಂದು ಅಭ್ಯಾಸ ನೋಡು.”

“ಬೆಣ್ಣೆಯೆಲ್ಲ ನಿನ್ ನಾಲಿಗೆಗೇ ಖರ್ಚಾಗೋಯ್ತಲ್ಲ ಲರ್ಲೀನ್,” ಎಂದ ಹಾಲಿಸ್. ಸುತ್ತಲಿನವರು ನಕ್ಕರು. ಡಾರ್ಲಾಳಿಗೂ ನಗು ಬಂತು. ಹೀಗೆ ಮಾತಿಗೆ ಮಾತು ಕೊಡುವ ದಿನ ಅವನು ಹಳೆಯ ಹಾಲಿಸನೇ. ಆಮೇಲೆ ಅವನು ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದ, “ಎಷ್ಟಾಯ್ತು?”

“ಹದಿನಾಲ್ಕು-ಹತ್ತು. ನಾವೇ ಮುಂದೆ.”

ಅದನ್ನು ಅವಳು ಆಗತಾನೆ ಹೇಳಿದ್ದಳು. ಅದಕ್ಕೂ ಮೊದಲು ಒಮ್ಮೆ ಹೇಳಿದ್ದಳು. ದೊಡ್ಡ ಅಂಕಿಗಳ ಬೋರ್ಡು ಅವನ ಕಣ್ಣೆದುರೇ ಇತ್ತು.

ಎರಡು ವರ್ಷದಿಂದ ಹೀಗೆ. ಮನೆಯ ಪಿಕಪ್ ಟ್ರಕ್ ಓಡಿಸುವುದನ್ನು ಬಿಡಿಸಿಯಾಗಿತ್ತು. ಇನ್ನು ಮುಂದೆ ಇಳಿಜಾರೇ ಎಂದು ಡಾಕ್ಟರು ಹೇಳಿದ್ದರು, ಎಷ್ಟು ಬೇಗ ಎಂದು ಹೇಳಿರಲಿಲ್ಲ. ಮುಂದಿನ ಡಿಸೆಂಬರಿಗೆ ಫೈನಲ್ ಎಂದರೆ ಏನೆಂದು ಅವನಿಗೆ ತಿಳಿಯುತ್ತದೋ ಇಲ್ಲವೋ. ಆದ್ದರಿಂದ ಈ ಸಲ ಗೆಲ್ಲಲೇಬೇಕು ಎಂದು ಡಾರ್ಲಾ ಚರ್ಚಿನಲ್ಲಿ ಮೊಣಕಾಲೂರಿ ಬೇಡಿಕೊಂಡಿದ್ದಳು. ಆಟದ ವಿಷಯಕ್ಕೆ ದೇವರನ್ನು ಎಳೆಯಬಾರದೆಂದು ಅವಳಿಗೆ ಗೊತ್ತಿತ್ತು, ಆದರೂ ಎಳೆದಿದ್ದಳು.

ಕೊನೆಯ ಪಾಲಿನ ಆಟ ಶುರುವಾಗಿತ್ತು. ವೇಡ್ ತಲೆ ತಗ್ಗಿಸಿ ನುಗ್ಗಿ ಒಬ್ಬನನ್ನು ಕೆಡವಿದ. ಇಡೀ ಊರು ಎದ್ದು ನಿಂತಿತು. ವೇಡ್ ಕೂಡ ಎದ್ದ, ಆದರೆ ಒಂದು ಕೈ ನೆಲಕ್ಕೂರಿ, ಸ್ವಲ್ಪ ತಡವಾಗಿ. ಆಟಗಾರರ ಗಾಯ ನೋಡಿಕೊಳ್ಳುವ ಟ್ರೇನರ್ ಹುಡುಗಿ ಕೆಲ್ಸಿ ಅವನನ್ನು ಬೆಂಚಿಗೆ ಕರೆದು ಏನೇನೋ ಕೇಳಿದಳು, ಒಂಟಿ ಕಾಲಿನ ಮೇಲೆ ನಿಲ್ಲಿಸಿದಳು, ಕೈಲಿದ್ದ ಟ್ಯಾಬ್ಲೆಟ್ ನೋಡಿ ತಲೆಯಾಡಿಸಿ ಒಳಗೆ ಬಿಟ್ಟಳು. ಜನ ಚಪ್ಪಾಳೆ ತಟ್ಟಿದರು.

ಡಾರ್ಲಾ ತಟ್ಟಲಿಲ್ಲ. ಕೋಚ್ ಕೈಸನ್ನೆ ಮಾಡಿದೊಡನೆ ಅದನ್ನು ಓದಿ ಉಳಿದ ಹತ್ತು ಜನಕ್ಕೆ ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವುದು ವೇಡ್‌ನ ಕೆಲಸ. ಈಗ ಕೋಚ್ ಸನ್ನೆ ಮಾಡಿದರು. ವೇಡ್ ನೋಡಿದ. ನೋಡುತ್ತಲೇ ನಿಂತ. ಪಕ್ಕದ ಹುಡುಗನೇ ಕೂಗಿದ, ಕೂಗಿ ವೇಡ್‌ನ ಭುಜ ಹಿಡಿದು ಅವನ ಜಾಗಕ್ಕೆ ತಿರುಗಿಸಿದ. ಮುಂದಿನ ಸರದಿಯಲ್ಲೂ ಹಾಗೇ ಆಯಿತು.

ಕೆಲ್ಸಿ ಯಾಕೆ ಒಳಗೆ ಬಿಟ್ಟಳೆಂಬುದು ಆ ಮೆಟ್ಟಿಲುಗಳ ಮೇಲೆ ಡಾರ್ಲಾಳೊಬ್ಬಳಿಗೇ ಗೊತ್ತಿತ್ತು.

ಪ್ರತಿ ಆಗಸ್ಟಿನಲ್ಲಿ, ಆಟ ಶುರುವಾಗುವ ಮುಂಚೆ, ಹುಡುಗರ ನೆನಪಿನ ಶಕ್ತಿಗೆ ಒಂದು ಪರೀಕ್ಷೆ ಇರುತ್ತದೆ. ಮುಂದೆ ತಲೆಗೆ ಏಟು ಬಿದ್ದಾಗ ಮತ್ತೆ ಪರೀಕ್ಷಿಸಿ, ಆಗಸ್ಟಿನದಕ್ಕಿಂತ ಕಡಿಮೆ ಬಂದರೆ ಹೊರಗೆ ಕೂರಿಸುತ್ತಾರೆ. ಈ ಆಗಸ್ಟಿನ ಪರೀಕ್ಷೆಯ ಹಿಂದಿನ ದಿನ ಊಟಕ್ಕೆ ಕೂತಾಗ ಹಾಲಿಸ್ ಮಗನಿಗೆ ಹೇಳಿಕೊಟ್ಟಿದ್ದ.

“ದಡ್ಡನ ಹಾಗೆ ಬರೆದು ಬಾರೋ. ಆಗಸ್ಟಲ್ಲಿ ನೀನು ಕತ್ತೆ ಅಂತ ಆಗ್ಬಿಟ್ರೆ, ಡಿಸೆಂಬರಲ್ಲಿ ಅದಕ್ಕಿಂತ ಕೆಳಗೆ ಇಳಿಯೋಕೆ ಜಾಗಾನೇ ಇರಲ್ಲ.”

“ಅದಕ್ಕೆ ನಾನು ನಟನೆ ಬೇರೆ ಮಾಡ್ಬೇಕಾ ಅಪ್ಪ? ನಿನ್ನ ಮಗ ಅಂದ್ರೆ ಸಾಕು,” ಎಂದಿದ್ದ ವೇಡ್. ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದರು. ಡಾರ್ಲಾ ಬಾಳೆಹಣ್ಣಿನ ಪುಡಿಂಗ್ ಬಡಿಸುತ್ತಾ, ಎಲ್ಲರಿಗಿಂತ ಜೋರಾಗಿ.

ಈಗ ಹೋಗಿ ಹೇಳಿದರೆ ಮಗ ಹೊರಗೆ, ಮಗ ಹೊರಗಾದರೆ ಗೆಲುವೂ ಹೊರಗೆ. ಹೇಳದಿದ್ದರೆ ಇನ್ನೊಂದು ಏಟು. ಮೊದಲ ಏಟು ಆರುವ ಮುಂಚೆ ಎರಡನೆಯದು ಬಿದ್ದರೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಅದು ಪಕ್ಕದಲ್ಲೇ ಕೂತು ಕಡಲೆಕಾಯಿ ತಿನ್ನುತ್ತಿತ್ತು.

“ಎಷ್ಟಾಯ್ತು?” ಎಂದ ಹಾಲಿಸ್.

ಅವಳು ಎದ್ದಳು. ಜನರ ಮೊಣಕಾಲು, ತಂಪು ಪಾನೀಯದ ಲೋಟ ಒಂದನ್ನೂ ನೋಡದೆ ದಾಟಿಕೊಂಡು ಕೆಳಗಿನ ಕಂಬಿಯವರೆಗೆ ಓಡಿದಳು. ಕಾವಲಿನವನು ಅಡ್ಡ ಕೈ ಹಿಡಿದ. “ಮ್ಯಾಮ್, ಇಲ್ಲಿಂದ ಮುಂದೆ ಬಿಡಲ್ಲ.”

“ಕೆಲ್ಸಿ,” ಎಂದು ಅವಳು ಕಂಬಿಯ ಮೇಲೆ ಬಗ್ಗಿ ಕೂಗಿದಳು. “ಕೆಲ್ಸಿ, ಅವನ್ನ ಹೊರಗೆ ಕರಿಯಮ್ಮ.”

ಕೆಲ್ಸಿ ಓಡಿ ಬಂದಳು. “ಮಿಸ್ ಡಾರ್ಲಾ, ನಾನು ನೋಡಿದೀನಿ. ಆಗಸ್ಟಲ್ಲಿ ಹೇಗಿದ್ನೋ ಈಗ್ಲೂ ಹಾಗೇ ಇದಾನೆ.”

“ಆಗಸ್ಟಿಂದು ಸುಳ್ಳು. ಬೇಕಂತ್ಲೇ ತಪ್ಪು ಬರೆದಿದ್ದ. ನಾವೇ ಹೇಳ್ಕೊಟ್ಟಿದ್ದು.”

ಹುಡುಗಿಯ ಮುಖ ಬಿಳಿಚಿಕೊಂಡಿತು. ತಿರುಗಿ ಓಡಿದಳು. ಅಷ್ಟರಲ್ಲಿ ಮೈದಾನದಲ್ಲಿ ಎರಡು ಸಾಲುಗಳೂ ಬಗ್ಗಿ ನಿಂತಿದ್ದವು. ಚೆಂಡು ಹಿಂದಕ್ಕೆ ಬಂತು, ಹುಡುಗರು ಒಬ್ಬರ ಮೇಲೊಬ್ಬರು ಬಿದ್ದರು, ವೇಡ್ ಆ ರಾಶಿಯ ಅಡಿಗೆ ಹೋದ. ರಾಶಿಯಿಂದ ಒಬ್ಬೊಬ್ಬರಾಗಿ ಎದ್ದರು, ಎಲ್ಲರಿಗಿಂತ ಕೊನೆಗೆ ಅವಳ ಮಗ ಎದ್ದ. ಎದ್ದು ಎದುರಾಳಿಗಳ ಬೆಂಚಿನ ಕಡೆ ನಡೆಯತೊಡಗಿದ.

ಕೆಲ್ಸಿ ಅವನನ್ನು ತೋಳು ಹಿಡಿದು ಕರೆತಂದಳು. ಹೊರಗೆ ಕೂರಬೇಕೆಂದಾಗ ಅವನು ಕೊಸರಿದ, ಕೋಚ್ ಕಡೆ ಕೈ ಚಾಚಿದ. ಕೆಲ್ಸಿ ಅವನ ಹೆಲ್ಮೆಟ್ ಕಿತ್ತುಕೊಂಡು ಬಂದು ಕಂಬಿಯ ಮೇಲಿಂದ ಡಾರ್ಲಾಳ ಕೈಗೆ ಕೊಟ್ಟಳು. “ಇಟ್ಕೊಳ್ಳಿ. ಬೆಂಚಲ್ಲಿಟ್ರೆ ಕದ್ದು ಹಾಕ್ಕೊಂಡು ಮತ್ತೆ ಹೋಗ್ತಾನೆ.”

ವೇಡ್ ದೂರದಿಂದ ತಾಯಿಯನ್ನು ನೋಡಿದ. ಅವಳ ಕೈಲಿದ್ದ ಹೆಲ್ಮೆಟ್ಟನ್ನೂ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ, ಅದೇ ಅವಳನ್ನು ಎಲ್ಲಕ್ಕಿಂತ ಹೆದರಿಸಿತು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಮೆಟ್ಟಿಲು ಹತ್ತಿದಳು. ಊರೆಲ್ಲ ಅವಳನ್ನೇ ನೋಡುತ್ತಿತ್ತು. ಹಾಲಿಸ್ ಹೆಲ್ಮೆಟ್ಟನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟು ಒರೆಸಿದ. “ನಂದು ಎಲ್ಲಿ ಸಿಕ್ತೇ ನಿಂಗೆ?” ಎಂದು ಕೇಳಿದ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಮೆರಿವೆದರ್‌ನವನೊಬ್ಬ ವೇಡ್ ನಿಲ್ಲಬೇಕಿದ್ದ ಜಾಗದಲ್ಲೇ ತೂರಿಕೊಂಡು ಓಡಿದ. ಹದಿನೇಳು-ಹದಿನಾಲ್ಕು. ಟೆನ್ಸಾ ಐದನೇ ಸಲವೂ ಸೋತಿತು. ಈ ಸಲದ ಕಾರಣಕ್ಕೆ ಕ್ಷೌರದಂಗಡಿಯವರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ವೇಡ್‌ನನ್ನು ಆಸ್ಪತ್ರೆಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿ ಎಂದರು ತಂಡದ ಡಾಕ್ಟರು. ಡಾರ್ಲಾ ಟ್ರಕ್ ಓಡಿಸಿದಳು. ಪಕ್ಕದಲ್ಲಿ ಹಾಲಿಸ್, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ ಮಗ. ಹೆಲ್ಮೆಟ್ ಇನ್ನೂ ಹಾಲಿಸ್‌ನ ತೊಡೆಯ ಮೇಲಿತ್ತು. ಸಂಜೆಯ ಬಿಸಿಲು ಗಾಜಿಗೆ ಹೊಡೆಯುತ್ತಿತ್ತು, ಮುಂದೆ ಕಾರುಗಳ ಸಾಲು ಕದಲುತ್ತಿರಲಿಲ್ಲ.

“ಯಾರು ಗೆದ್ರು?” ಎಂದ ಹಾಲಿಸ್.

ಸೋತೆವೆಂದು ಆಗಲೇ ಹೇಳಿದ್ದಳು. ಹೇಳಿದಾಗಲೆಲ್ಲ ಅವನ ಮುಖ ಹೊಸದಾಗಿ ಮುದುಡುತ್ತಿತ್ತು. ಅದನ್ನು ಮತ್ತೆ ನೋಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ನಾವೇ,” ಎಂದಳು. “ಗೆದ್ವಿ ಹಾಲಿಸ್.”

ಅವನು ಹೆಲ್ಮೆಟ್ಟಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ. ಅವನ ತುಟಿ ಅದುರಿತು. ಆಮೇಲೆ ಹಿಂದಕ್ಕೆ ತಿರುಗಿ ಕೇಳಿದ, “ಹೌದೇನೋ ವೇಡ್? ಗೆದ್ವಾ?”

ಡಾರ್ಲಾ ಕನ್ನಡಿಯಲ್ಲಿ ನೋಡಿದಳು. ವೇಡ್ ಕಣ್ಣು ತೆರೆದ.

“ಹೂಂ ಅಪ್ಪ. ಗೆದ್ವಿ.”

ಅಪ್ಪನ ಮನಸ್ಸು ನೋಯಬಾರದೆಂದು ಹಾಗೆಂದನೋ, ಅಥವಾ ಅವನಿಗೂ ಸೋತದ್ದು ನೆನಪೇ ಇಲ್ಲವೋ? ಆ ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ. ಅಪ್ಪ ಮಗ ಇಬ್ಬರದೂ ಒಂದೇ ಮುಖ. ಆಸ್ಪತ್ರೆ ಬರುವವರೆಗೂ ಕೇಳಬೇಕೆಂದು ಎಷ್ಟು ಸಲ ಬಾಯಿಯವರೆಗೆ ಬಂತೋ ಅಷ್ಟು ಸಲ ನುಂಗಿಕೊಂಡಳು. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಆಸ್ಪತ್ರೆಯ ಮುಂದೆ ಟ್ರಕ್ ನಿಲ್ಲಿಸಿ, ಇಳಿದು, ಸುತ್ತಿಕೊಂಡು ಬಂದು ಹಿಂದಿನ ಬಾಗಿಲು ತೆಗೆದಳು. ಮಗನ ಪಕ್ಕ ಬಗ್ಗಿ ಪಿಸುಮಾತಿನಲ್ಲಿ ಕೇಳಿದಳು, “ವೇಡ್, ನನ್ ಕಂದ, ಯಾರು ಗೆದ್ದಿದ್ದು?”

ಅವನು ಅವಳನ್ನು ದಿಟ್ಟಿಸಿ ನೋಡಿದ. ಕಣ್ಣು ತುಂಬಿಕೊಂಡಿತು, ದವಡೆ ಬಿಗಿಯಿತು.

“ಅವ್ರು,” ಎಂದ. “ಸೋತ್ವಿ. ನಿನ್ನಿಂದ ಸೋತ್ವಿ ಅಮ್ಮ. ಇನ್ಮೇಲೆ ನಿನ್ನ ಮುಖ ನೋಡಲ್ಲ ನಾನು.”

ಡಾರ್ಲಾ ಬಾಗಿಲನ್ನು ಹಿಡಿದುಕೊಂಡು ಅಳತೊಡಗಿದಳು. ಅಷ್ಟು ಹಿತವಾದ ಮಾತನ್ನು ಅವಳು ಇಡೀ ದಿನ ಕೇಳಿರಲಿಲ್ಲ. “ಇನ್ನೊಂದ್ಸಲ ಹೇಳು,” ಎಂದಳು.

ವೇಡ್ ಮುಂದಿನ ಸೀಟಿನಲ್ಲಿ ಹೆಲ್ಮೆಟ್ ಅಪ್ಪಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದ ಅಪ್ಪನ ಕಡೆ ನೋಡಿ, “ಮೆಲ್ಲಗೆ,” ಎಂದ. “ಅಪ್ಪಂಗೆ ಕೇಳ್ಸುತ್ತೆ.”