ಕೈ ಸೋಕದ ಗುಳಿಗೆ

ಕಾಟಮ್ಮನ ಮುಂಗೈ ಮೇಲೆ ಎದ್ದಿದ್ದ ಬಿಳಿ ಮಚ್ಚೆಗೆ ಅವಳ ಮಾವ ಜುಂಜಣ್ಣ ಬರೆ ಹಾಕಿದ. ಕಾಸಿದ ಕಬ್ಬಿಣ ಕುರಿಗಳಿಗೆ ಬರೆ ಎಳೆಯಲು ಇಟ್ಟದ್ದು. ಅವಳನ್ನು ಒತ್ತಿ ಹಿಡಿದವನು ಗಂಡ ಕಾಟಲಿಂಗಪ್ಪ.

ಬೆಂದ ಚರ್ಮ ಕೀವು ತುಂಬಿ, ಒಣಗಿ, ಹಕ್ಕಳೆ ಉದುರಿದಾಗ ಅಡಿಯಲ್ಲಿ ಮೊದಲಿಗಿಂತ ಅಗಲವಾದ ಬಿಳುಪು ಕಂಡಿತು. ಕಡಲೆಕಾಯಿ ಬಿತ್ತುವ ಹೊತ್ತಿಗೆ ತುಟಿಯ ಮೂಲೆಯಲ್ಲೂ ಜೋಳದ ಕಾಳಿನಷ್ಟು ಬಿಳುಪು ಕೂತಿತು. ಅತ್ತೆ ಹುಚ್ಚಕ್ಕ ಹಾಲು ಕರೆಯುವ ಚೆಂಬನ್ನು ಅವಳ ಕೈಯಿಂದ ಕಿತ್ತುಕೊಂಡಳು. ಹಟ್ಟಿಯ ನಡುವೆ ದೇವರ ಪೆಟ್ಟಿಗೆ ಇಟ್ಟಿದ್ದ ಗುಡಿಸಲಿನ, ದೇವರ ಗುಡ್ಲಿನ, ಹೊಸ್ತಿಲು ತುಳಿಯಕೂಡದೆಂದಳು. ದೀಪಾವಳಿಯೊಳಗೆ ವಾಸಿಯಾಗದಿದ್ದರೆ ಇವಳನ್ನು ತವರಿಗೆ ಅಟ್ಟಿ ಮಗನಿಗೆ ಬೇರೆ ಹೆಣ್ಣು ತರುವುದಾಗಿ ಜುಂಜಣ್ಣ ನಾಲ್ಕು ಜನರ ಎದುರೇ ಹೇಳಿದ. ತವರಿನಲ್ಲಿ ಉಳಿದಿದ್ದವನು ಕುಡುಕ ಅಣ್ಣನೊಬ್ಬ.

ಧರ್ಮಪುರದ ಬಸ್ಸಿನಲ್ಲಿ ಯಾರೋ ಹೇಳಿದರೆಂದು ಕಾಟಲಿಂಗಪ್ಪ ಅವಳನ್ನು ಹಿರಿಯೂರಿನ ಹೋಮಿಯೋಪತಿ ಡಾಕ್ಟರು ಹನುಮಂತಯ್ಯನವರ ಬಳಿಗೆ ಕರೆದೊಯ್ದ. ಒಂದೇ ಕೋಣೆ, ಗೋಡೆ ತುಂಬ ಬೆರಳುದ್ದದ ಸೀಸೆಗಳು. ಡಾಕ್ಟರು ಮಚ್ಚೆ ನೋಡಿದ್ದು ಸ್ವಲ್ಪ, ಕೇಳಿದ್ದೇ ಹೆಚ್ಚು.

"ಬಿಸಿಲು ತಡೀತಿಯೇನವ್ವ? ಹುಳಿ ಇಷ್ಟವೋ, ಖಾರವೋ?"

"ನಾವು ಇಕ್ಕಿದ್ದು ತಿಂತಾಳೆ ಸಾಮಿ," ಅಂದ ಕಾಟಲಿಂಗಪ್ಪ.

"ಅವಳು ಹೇಳ್ಲಿ ತಡಿಯಪ್ಪ. ನಿದ್ದೇಲಿ ಏನು ಕಾಣ್ತದವ್ವ?"

ಹುಟ್ಟಿದಾಗಿನಿಂದ ಇಂಥ ಮಾತನ್ನು ಅವಳಲ್ಲಿ ಯಾರೂ ಕೇಳಿರಲಿಲ್ಲ. ಕಾಟಮ್ಮ ನೆಲ ನೋಡುತ್ತಲೇ ಹೇಳಿದಳು.

"ಕೈ ಕಾಣ್ತವೆ ಸಾಮಿ. ಬರೇ ಕೈ. ಹಿಡ್ಕಂಬಕೆ ಬತ್ತವೆ."

ಡಾಕ್ಟರು ಅವಳ ಮುಂಗೈಯ ಬರೆ ನೋಡಿದರು, ಗಂಡನ ಮುಖ ನೋಡಿದರು. ಸಾಸಿವೆಗಿಂತ ತುಸು ದಪ್ಪನೆಯ ಬಿಳಿ ಗುಳಿಗೆಗಳನ್ನು ಸೀಸೆಗೆ ತುಂಬಿದರು. "ಇದು ಅಂಟೋ ರೋಗ ಅಲ್ಲ, ದೇವರ ಸಿಟ್ಟೂ ಅಲ್ಲ. ವಾಸಿ ಆಗೇ ಆಗ್ತದೆ ಅಂತ ನಾನು ಮಾತು ಕೊಡಲ್ಲ. ಬರೆ ಮಾತ್ರ ಇನ್ನು ಹಾಕ್ಬೇಡ್ರಿ. ಗುಳಿಗೆಗೆ ಕೈ ಸೋಕಬಾರದು. ಮುಚ್ಚಳಕ್ಕೆ ಸುರಕಂಡು ನಾಲಿಗೆ ಮೇಲೆ ಹಾಕ್ಕಬೇಕು. ಈರುಳ್ಳಿ, ಬೆಳ್ಳುಳ್ಳಿ, ಇಂಗು ಬೇಡ."

ಬಸ್ ಸ್ಟ್ಯಾಂಡಿನಲ್ಲಿ, ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿದ್ದ ಗೋಡೆಯ ಹಿಂದೆ, ಕಾಟಲಿಂಗಪ್ಪ ಅವಳ ಕಪಾಳಕ್ಕೆ ಬಿಗಿದ. ಓಲೆ ಸಿಕ್ಕಿ ಕಿವಿ ಹರಿಯಿತು. "ಪರಗಂಡಸಿನ ಮುಂದೆ ಕನಸು ಬಿಚ್ಚಿ ಹಾಕ್ತೀಯೇನೆ?" ಅಂದ. ರಕ್ತ ಕುಪ್ಪಸಕ್ಕೆ ಇಳಿಯುತ್ತಿರುವಾಗಲೇ ಬಸ್ಸು ಬಂತು. ಅವಳು ಸೀಸೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಹತ್ತಿದಳು.

ಹಟ್ಟಿಯಲ್ಲಿ ಜುಂಜಣ್ಣ ಸೀಸೆ ಅಲ್ಲಾಡಿಸಿ ನಕ್ಕ. "ಮಗರಾಯ ಹೆಂಡ್ರಿಗೆ ಪೆಪ್ಪರ್‌ಮೆಂಟು ತಂದವ್ನೆ ನೋಡ್ರಲೇ."

ಹುಚ್ಚಕ್ಕ ನಗಲಿಲ್ಲ. ಡಾಕ್ಟರು ಹೇಳಿದ್ದನ್ನು ಮಗನಿಂದ ಮತ್ತೆ ಮತ್ತೆ ಹೇಳಿಸಿ ಕೇಳಿದಳು. ಕೈ ಸೋಕಬಾರದು, ಈರುಳ್ಳಿ ಬೆಳ್ಳುಳ್ಳಿ ಆಗದು ಅಂದರೆ ಅದು ಮಡಿಯ ಪದಾರ್ಥ. ಮಡಿಯದನ್ನು ಅಡುಗೆಮನೆಯ ಗೂಡಿನಲ್ಲಿ ಇಡುವುದುಂಟೆ? ಮಗನ ತಲೆಗೆ ನೀರು ಹಾಕಿಸಿ, ಒದ್ದೆ ಪಂಚೆಯಲ್ಲೇ ಸೀಸೆಯನ್ನು ದೇವರ ಗುಡ್ಲಿಗೆ ಒಯ್ಯಿಸಿ ದೇವರ ಪೆಟ್ಟಿಗೆಯ ಪಕ್ಕದಲ್ಲಿ ಇಡಿಸಿದಳು. ಅದಾದ ಮೇಲೆ ಜುಂಜಣ್ಣನೂ ನಗುವುದು ಬಿಟ್ಟು ಅತ್ತ ಹಾಯುವಾಗ ಕೈಮುಗಿಯತೊಡಗಿದ.

"ಅತ್ತೆ, ಅದು ನನ್ನ ಔಸ್ದಿ," ಅಂದಳು ಕಾಟಮ್ಮ.

"ಯಾರು ಅಲ್ಲ ಅಂದೋರು? ಮೊದ್ಲು ಮೈ ವಾಸಿ ಆಗ್ಲಿ. ಆಮ್ಯಾಕೆ ಗುಡ್ಲೊಳಕ್ಕೋಗಿ ತಗಳುವಂತೆ."

ಗಂಡನನ್ನು ಕೇಳಿದಳು. ಅವನು ಎರಡು ದಿನ ಸ್ನಾನ ಮಾಡಿ ತಂದುಕೊಟ್ಟ, ಮೂರನೆಯ ದಿನ ಕುರಿ ಹೊಡೆದುಕೊಂಡು ಹೋದ. ಕಡಲೆಕಾಯಿ ಕಿತ್ತಿದ್ದಾಯಿತು. ಜುಂಜಣ್ಣ ತಾಳ್ಯದ ಕಡೆ ಹೆಣ್ಣು ನೋಡಿ ಬಂದ. ಗುಡ್ಲಿನ ತಡಿಕೆ ಬಾಗಿಲ ಸಂದಿಯಿಂದ ಕಾಟಮ್ಮನಿಗೆ ದಿನಾ ಸೀಸೆ ಕಾಣುತ್ತಿತ್ತು, ಅದರ ಕತ್ತಿಗೆ ಯಾರೋ ಅರಿಶಿನದ ದಾರ ಸುತ್ತಿದ್ದರು.

ಕುರಿಗಳಿಗೆ ಬರೆ ಎಳೆಯುವ ದಿನ ಗಂಡಸರೆಲ್ಲ ಕುರಿ ಕೂಡುವ ರೊಪ್ಪದಲ್ಲಿದ್ದರು. ಕಾಟಮ್ಮ ತಡಿಕೆ ಸರಿಸಿ ಒಳಗೆ ಹೋದಳು. ದಾರ ಕಿತ್ತು, ಮುಚ್ಚಳಕ್ಕೆ ಸುರಿದುಕೊಂಡು ಗುಳಿಗೆಗಳನ್ನು ಬಾಯಿಗೆ ಹಾಕಿಕೊಂಡಳು. ಸೀಸೆ ಹಿಡಿದು ಹೊರಗೆ ಬರುತ್ತಿದ್ದಂತೆ ಎದುರಿಗೆ ಹುಚ್ಚಕ್ಕ.

ಮೊದಲ ಏಟು ಸೌದೆಯದು, ಹೆಗಲಿಗೆ. ಸೀಸೆ ಬಿದ್ದು ಒಡೆಯಿತು. ತಾಯಿಯ ಕೂಗು ಕೇಳಿ ಓಡಿಬಂದ ಕಾಟಲಿಂಗಪ್ಪ ಜಡೆ ಹಿಡಿದು ಅವಳನ್ನು ರೊಪ್ಪದವರೆಗೆ ಎಳೆದ. ಮೊಣಕಾಲು ಕಲ್ಲಿಗೆ ತರಚಿದವು. ಸೊಂಟಕ್ಕೆ ಒದ್ದ, ಮತ್ತೆ ಒದ್ದ. ಬಾಯಲ್ಲಿ ಗುಳಿಗೆಯ ಸಿಹಿಯ ಜೊತೆ ರಕ್ತ ಸೇರಿತು. ಅವಳು ಅರಚಲಿಲ್ಲ. ಅರಚಿದರೆ ಬಾಯಿ ತೆರೆಯಬೇಕಾಗಿತ್ತು.

"ದೇವರದು ತಿಂದವ್ಳೆ. ಉಗುಳ್ಸೋ," ಅಂದ ಜುಂಜಣ್ಣ. ಅವನ ಹಿಂದೆ ಬೆಂಕಿಯಲ್ಲಿ ಕಬ್ಬಿಣ ಕಾಯುತ್ತಿತ್ತು.

ಕಾಟಲಿಂಗಪ್ಪ ಅವಳ ದವಡೆ ಅಮುಕಿ ಹಲ್ಲಿನ ಸಂದಿಗೆ ಬೆರಳು ತೂರಿಸಿದ. ಅವಳು ಕಚ್ಚಿದಳು. ಅವನು ಕೈ ಒದರಿಕೊಂಡು ಹಿಂದೆ ಸರಿದ. ಬೆರಳಿನಿಂದ ರಕ್ತ ತೊಟ್ಟಿಕ್ಕಿತು.

ಜುಂಜಣ್ಣ ಕಬ್ಬಿಣ ಎತ್ತಿದ. ಕೆಂಪಗಿತ್ತು. ತುಟಿಯ ಮೂಲೆಯ ಬಿಳುಪಿಗೆ ಹತ್ತಿರ, ಕಾವು ಸೋಕುವಷ್ಟು ಹತ್ತಿರ ಹಿಡಿದ. "ಉಗುಳಿ, ತಪ್ಪಾಯ್ತು ಅನ್ನು. ಇಲ್ಲಾಂದ್ರೆ ಬಾಯಿಗೇ ಇಡ್ತೀನಿ."

ಅತ್ತ, ರೊಪ್ಪಕ್ಕೆ ಕಾಣುವಂತೆ, ಗುಡ್ಲಿನ ಮುಂದೆ ಚೆಲ್ಲಿದ್ದ ಗುಳಿಗೆಗಳ ಹತ್ತಿರ ಕೋಳಿಯೊಂದು ಬಂತು. ಕುತ್ತಿಗೆ ಓರೆ ಮಾಡಿ ನೋಡಿತು, ಒಂದನ್ನು ಕುಕ್ಕಿತು. ಅದರ ಹಿಂದೆ ಮರಿಗಳೂ ಬಂದವು. ಯಾರೂ ಅವನ್ನು ಓಡಿಸಲಿಲ್ಲ.

"ಬಾಯಿ ತೆಗಿಯೇ."

ಕಾಟಮ್ಮ ಕೋಳಿಗಳನ್ನೇ ನೋಡುತ್ತ ಕೂತಳು. ನಾಲಿಗೆಯ ಮೇಲಿನ ಕೊನೆಯ ಸಿಹಿ ಕರಗಿತು. ಅದನ್ನು ನುಂಗಿದಳು. ಆಮೇಲೂ ಬಾಯಿ ತೆಗೆಯಲಿಲ್ಲ.