ಕೆನ್ನೆಯ ಮೇಲಿನ ಕುಳಿ

ಕಮರಿಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಅಮರೇಶನಿಗೆ ಮರ ಕೆತ್ತುವ ಯಂತ್ರದ ಹುಚ್ಚು ಹಿಡಿದದ್ದು ಎರಡು ಸಾವಿರದ ಏಳರಲ್ಲಿ. ಗುಜರಿಯ ಮೋಟಾರುಗಳಿಗೆ ಹಳೆಯ ಕಂಪ್ಯೂಟರು ಜೋಡಿಸಿ, ಅಟ್ಟದ ಮೇಲೆ ತಾನೇ ಅದನ್ನು ಕಟ್ಟಿಕೊಂಡಿದ್ದ. ಚಿತ್ರ ಕೊಟ್ಟರೆ ಹಲಗೆಯ ಮೇಲೆ ಉಬ್ಬಾಗಿ ಕೆತ್ತುತ್ತಿತ್ತು.

ಅವನ ತಂಗಿ ದಾಕ್ಷಾಯಿಣಿಯನ್ನು ಅಮರಗೋಳದ ಹತ್ತಿ ವ್ಯಾಪಾರಿ ಕುಬೇರಪ್ಪನಿಗೆ ಕೊಟ್ಟು ಮೂರು ವರ್ಷವಾಗಿತ್ತು. ಹೊಸ ಮನೆ ಕಟ್ಟಿಸಿದ ಕುಬೇರಪ್ಪ, ಪಡಸಾಲೆಗೆ ಗಂಡಹೆಂಡಿರ ಚಿತ್ರ ತೇಗದಲ್ಲಿ ಬೇಕೆಂದು ಫೋಟೋ ಕಳಿಸಿದ.

ಯಂತ್ರಕ್ಕೆ ಬಣ್ಣ ತಿಳಿಯದು. ಬಿಳಿಯಿದ್ದದ್ದನ್ನು ಎತ್ತರಕ್ಕೆ ಬಿಡುತ್ತದೆ, ಕಪ್ಪಿದ್ದಲ್ಲಿ ಆಳಕ್ಕೆ ಕೊರೆಯುತ್ತದೆ. ಅಮರೇಶ ಫೋಟೋವನ್ನು ಕಪ್ಪುಬಿಳುಪು ಮಾಡಿ, ಕುಬೇರಪ್ಪನ ಮೀಸೆ ಹಳ್ಳವಾಗದಂತೆ ತಿಳಿಗೊಳಿಸಿ, ಸೀರೆಯ ಅಂಚಿನ ಗೆರೆಗಳನ್ನು ಒಂದೊಂದಾಗಿ ತಿದ್ದಿದ. ಎರಡು ಸಂಜೆ ಹಿಡಿಯಿತು. ಮೊದಲು ಅಗ್ಗದ ಹಲಗೆಯೊಂದರ ಮೇಲೆ ಕೆತ್ತಿ ನೋಡಿದ. ಎಲ್ಲ ಚೆನ್ನಾಗಿತ್ತು, ತಂಗಿಯ ಎಡಗೆನ್ನೆಯಲ್ಲಿ ಮಾತ್ರ ಹೆಬ್ಬೆರಳು ಕೂರುವಷ್ಟು ಕುಳಿ ಬಿದ್ದಿತ್ತು.

ಫೋನ್ ಮಾಡಿದರೆ ಕುಬೇರಪ್ಪ, ಅದು ಸೆರಗಿನ ನೆರಳು, ತುಂಬಿಬಿಡು ಎಂದ. ಅಮರೇಶ ಆ ಕೆನ್ನೆಯನ್ನೂ ಬಲಗೆನ್ನೆಯಷ್ಟೇ ನುಣುಪಾಗಿ ತುಂಬಿದ. ತನ್ನ ಕೈಚಳಕ ಕಂಡು ತಾನೇ ಹಿಗ್ಗಿದ. ಆಮೇಲೆ ಕಿವಿಯೋಲೆ ತಿದ್ದಲು ಚಿತ್ರ ದೊಡ್ಡದು ಮಾಡಿದಾಗ ಕಣ್ಣಿಗೆ ಬಿತ್ತು: ಬೆಳಕು ಬಂದದ್ದೇ ಎಡಗೆನ್ನೆಯ ಕಡೆಯಿಂದ, ಮೂಗಿನ ನೆರಳು ಬಲಗೆನ್ನೆಯ ಮೇಲಿತ್ತು. ಈ ಕೆನ್ನೆಗೆ ನೆರಳು ಬೀಳುವ ಮಾತೇ ಇರಲಿಲ್ಲ. ತಿದ್ದದ ಫೋಟೋ ತೆರೆದು ಇನ್ನೂ ದೊಡ್ಡದು ಮಾಡಿದ. ಕೆನ್ನೆಯ ಕಪ್ಪಿನೊಳಗೆ ಬೆರಳುಗಳ ಗುರುತನ್ನು ಎಣಿಸಬಹುದಿತ್ತು.

ತಂಗಿಯ ಮನೆಯಲ್ಲಿ ಅವನು ಎಷ್ಟು ಸಲ ಕೂತು ಉಂಡಿದ್ದ. ಬಡಿಸುವಾಗ ತಂಗಿ ಸೆರಗನ್ನು ಕೆನ್ನೆಗೆ ಎಳೆದುಕೊಂಡರೆ, ದೊಡ್ಡ ಮನೆಯ ರೀತಿ ಕಲಿತಳೆಂದು ಸಂತೋಷಪಟ್ಟಿದ್ದ. ಅಲ್ಲಿ ತಿಂದ ಹೋಳಿಗೆಯೆಲ್ಲ ಈಗ ಗಂಟಲಿಗೆ ಬಂದಂತಾಯಿತು. ಕುಬೇರಪ್ಪನಿಗಿಂತ ತನ್ನ ಕೈಗಳನ್ನು ಕಂಡೇ ಹೆಚ್ಚು ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಅಮರಗೋಳಕ್ಕೆ ಹೋದ. ದಾಕ್ಷಾಯಿಣಿ ಹೊಸ ಮನೆಯ ಅಂಗಳ ತೊಳೆಯುತ್ತಿದ್ದಳು. ಅವನು ಕೆನ್ನೆಯ ವಿಷಯ ಕೇಳಿದ. ಆಕೆ ಕೊಡ ಕೆಳಗಿಟ್ಟಳು.

"ತುಂಬಿಬಿಡು ಯಣ್ಣಾ," ಎಂದಳು. "ನಾನೂ ದಿನಾ ಪೌಡರ್ ಹಚ್ಚಿ ಅದನ್ನ ಮಾಡತೇನಿ."

ಅಷ್ಟರಲ್ಲಿ ಕುಬೇರಪ್ಪ ಎಲೆಯಡಿಕೆ ಜಗಿಯುತ್ತ ಹೊರಗೆ ಬಂದ. ಅಮರೇಶ ಅದನ್ನೇ ಕೇಳಿದರೂ ಅವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

"ಸಿಟ್ಟಿನ್ಯಾಗ ಒಂದೆರಡು ಸಲ ಕೈ ಎತ್ತೇನಿ. ಈಗ್ಯಾಕ ಅದು? ಸೋಮವಾರ ವಾಸ್ತುಶಾಂತಿ ಐತಿ, ಮಂದಿ ಬರತಾರ. ಹಲಗಿ ಯಾವಾಗ ಕೊಡತಿ ಹೇಳು."

ಹೇಳುತ್ತಲೇ ತೊಳೆದ ಅಂಗಳಕ್ಕೆ ಉಗಿದ. ದಾಕ್ಷಾಯಿಣಿ ಆ ಕೆಂಪಿನ ಮೇಲೆ ನೀರು ಸುರಿಯಲು ಬಾಗಿದಳು. ಅದನ್ನು ನೋಡಲು ಅಮರೇಶನಿಂದ ಆಗಲಿಲ್ಲ. ಆಕೆಯ ಕೈಯಿಂದ ಕೊಡ ಕಸಿದುಕೊಂಡ.

"ಚಪ್ಪಲಿ ಹಾಕ್ಕೊ ದಾಕ್ಷಿ. ಮನಿಗೆ ಹೋಗೂಣು."

ಸೋಮವಾರದ ತನಕ ತಡೆಯೆಂದು ಆಕೆ ಮೆಲ್ಲಗೆ ಹೇಳಿದಳು. ಅವನು ಬೈಕು ಹೊರಳಿಸಿಕೊಂಡು ನಿಂತ. ಸ್ವಲ್ಪ ಹೊತ್ತಿಗೆ ಆಕೆ ಕೈ ಒರೆಸಿಕೊಂಡು ಬಂದು ಹಿಂದೆ ಕೂತಳು. ಮಂದಿಗೆ ತಾನೇನು ಹೇಳಬೇಕೆಂದು ಕುಬೇರಪ್ಪ ಬಾಗಿಲಲ್ಲೇ ಕೇಳುತ್ತಿದ್ದ.

ಆಮೇಲೆ ಕುಬೇರಪ್ಪ ಎರಡು ಸಲ ಹಿರಿಯರನ್ನು ಕರೆದುಕೊಂಡು ಕಮರಿಪೇಟೆಗೆ ಬಂದ. ಬರುವುದಿಲ್ಲವೆಂದು ದಾಕ್ಷಾಯಿಣಿಯೇ ಹೊರಗೆ ಬಂದು ಹೇಳಿದಳು. ಅಮರೇಶ ಹಿರಿಯರಿಗೆಲ್ಲ ಚಹಾ ಕೊಟ್ಟ. ಕುಬೇರಪ್ಪನಿಗೆ ನೀರು ಬೇಕೇನೆಂದೂ ಕೇಳಲಿಲ್ಲ.